ಕೊನೆಯ ಲಂಟಾನ

ನಮ್ಮೂರಲ್ಲಿ ಕಿತ್ತ ಕಳೆಗಿಡವನ್ನು ಯಾರೂ ಬಿಸಾಡುವುದಿಲ್ಲ. ಬಿಸಾಡಿದರೆ ಬೆಳಗಾಗುವಷ್ಟರಲ್ಲಿ ಅದು ತನ್ನ ಗುಂಡಿಗೇ ವಾಪಸು ಬಂದು ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ. ಸುಟ್ಟರೂ ಅಷ್ಟೇ, ಕೆರೆಗೆ ಎಸೆದರೂ ಅಷ್ಟೇ. ಕೆರೆಗೆ ಎಸೆದದ್ದಾದರೆ ಎಲೆಯಿಂದ ಒಂದಿಷ್ಟು ನೀರು ತೊಟ್ಟಿಕ್ಕುತ್ತಿರುತ್ತದೆ, ಅದೊಂದೇ ವ್ಯತ್ಯಾಸ. ಕಿತ್ತ ಗಿಡವನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಅವರು ಎರಡೂ ಕೈ ಚಾಚಿ ಮನಸ್ಸಿಟ್ಟು ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಂಡ ಗಿಡ ಅವರ ಮನೆಯ ಮೂಲೆಯಲ್ಲಿ ಸಾಧುವಾಗಿ ಇದ್ದುಬಿಡುತ್ತದೆ, ಹಬ್ಬುವುದಿಲ್ಲ. ದಾಕ್ಷಿಣ್ಯಕ್ಕೆ ತೆಗೆದುಕೊಂಡರೆ ಮಾತ್ರ ಬೆಳಿಗ್ಗೆ ಹಳೆಯ ಗುಂಡಿಯಲ್ಲೇ ಹಾಜರು.

ಹೀಗಾಗಿ ನಮ್ಮಲ್ಲಿ ಪಾರ್ಥೇನಿಯಂ ಇಲ್ಲದ ಮನೆಯಿಲ್ಲ. ಅಂಚೆ ಕಚೇರಿಯ ಕಿಟಕಿಯಲ್ಲಿ ಎರಡು ಕುಂಡ, ಕ್ಷೌರದಂಗಡಿಯ ಕನ್ನಡಿಯ ಪಕ್ಕದಲ್ಲಿ ಒಂದು. ಮದುವೆಯಲ್ಲಿ ಹೆಣ್ಣಿನವರು ಬೀಗರಿಗೆ ಒಂದು ಕಳೆಗಿಡ ಕೊಡುತ್ತಾರೆ. ಮಾರನೆಯ ಬೆಳಿಗ್ಗೆ ಎರಡೂ ಕಡೆಯವರು ಹಲ್ಲುಜ್ಜುವ ಮೊದಲೇ ಹೋಗಿ ಗುಂಡಿ ನೋಡುತ್ತಾರೆ. ಖಾಲಿ ಇದ್ದರೆ ಹೋಳಿಗೆ ಊಟ, ಇಲ್ಲದಿದ್ದರೆ ಊಟ ಮಾಡುವುದೇನೋ ಉಂಟು, ಮಾತು ಕಡಿಮೆ. ಶಾಲೆಯ ಹೆಡ್‌ಮೇಷ್ಟ್ರು ಮರಿದೇವರು ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುತ್ತಾರೆ, ಬೆಳಿಗ್ಗೆ ಎಲ್ಲವೂ ವಾಪಸು ಹೋಗಿರುತ್ತವೆ. ಅವರ ಮನೆಯ ಮುಂದೆ ನಲವತ್ತು ಖಾಲಿ ಕುಂಡಗಳು ಸಾಲಾಗಿವೆ. ಹೊರಗಿನ ಊರಿನವರಿಗೆ ಕೊಟ್ಟು ಕಳಿಸುವ ಜಾಣತನವನ್ನೂ ನಾವು ಮಾಡಿ ನೋಡಿದ್ದೇವೆ. ಬಸ್ಸು ತಿರುವು ದಾಟುತ್ತಿದ್ದಂತೆ ಅವರು ಕಿಟಕಿಯಿಂದ ಆಚೆ ಎಸೆಯುತ್ತಾರೆ, ಗಿಡ ಅವರಿಗಿಂತ ಮೊದಲು ಮನೆ ಸೇರುತ್ತದೆ.

ನಮ್ಮ ಮನೆಯ ಪಕ್ಕದಲ್ಲೇ ನನ್ನ ಅತ್ತೆಯ ಹೂತೋಟವಿತ್ತು. ಅತ್ತೆ ಹೋದಮೇಲೆ ಅದರೊಳಗೆ ಯಾರೂ ಕಾಲಿಡಲಿಲ್ಲ. ಎಲ್ಲಿಂದಲೋ ಹಕ್ಕಿ ತಂದು ಹಾಕಿದ ಬೀಜದಿಂದ ಲಂಟಾನ ಬಂತು, ಮೂರು ವರ್ಷದಲ್ಲಿ ಬಾವಿ ಮುಚ್ಚಿತು, ಹತ್ತು ವರ್ಷದಲ್ಲಿ ಬೇಲಿ ಯಾವುದು ಗಿಡ ಯಾವುದು ಗೊತ್ತಾಗದಂತಾಯಿತು. ಇಪ್ಪತ್ತು ವರ್ಷ ಬೀಳು ಬಿದ್ದ ಜಾಗ ಚಾವಡಿಗೆ ಸೇರುತ್ತದೆ ಎನ್ನುವುದು ನಮ್ಮೂರ ಕಟ್ಟಳೆ. ಈ ಸಲದ ಕಾರ್ತಿಕ ಮಾಸದ ಕೊನೆಗೆ ಇಪ್ಪತ್ತು ತುಂಬುತ್ತಿತ್ತು. ಅಂದು ಸೂರ್ಯ ಹುಟ್ಟುವಾಗ ಚಾವಡಿಯ ಗುಮಾಸ್ತ ಸಣ್ಣಲಿಂಗಯ್ಯ ಬಂದು ನೋಡುತ್ತಾರೆ. ಒಂದೇ ಒಂದು ಕಳೆಗಿಡ ನಿಂತಿದ್ದರೂ ತೋಟ ಕೈಬಿಟ್ಟು ಹೋಯಿತು. ನೆಲ ಬರಿದಾಗಿದ್ದರೆ ಅಲ್ಲೇ ಮನೆ ಕಟ್ಟಲು ಚೀಟಿ ಬರೆದುಕೊಡುತ್ತಾರೆ.

ಆ ಮನೆ ಬೇಕಾಗಿದ್ದದ್ದು ನನ್ನ ನಾದಿನಿ ನೀಲಾಂಬಿಕೆಗೆ. ಗಂಡನನ್ನು ಬಿಟ್ಟು, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ಬಂದು ನಮ್ಮ ನಡುಮನೆಯಲ್ಲಿ ಇಳಿದವಳು, ಒಂಬತ್ತು ವರ್ಷ ಅಲ್ಲೇ ಇದ್ದಳು. ನಲವತ್ತಮೂರರ ಹೆಂಗಸು ಹಾಸಿಗೆ ಹಾಸಬೇಕಾದರೆ ಮೊದಲು ಯಂತ್ರ ಪಕ್ಕಕ್ಕೆ ತಳ್ಳಬೇಕಿತ್ತು. ತೋಟವನ್ನು ನಮ್ಮ ಯಜಮಾನರು ಅವಳ ಪಾಲು ಎಂದು ಕೊಟ್ಟುಬಿಟ್ಟಿದ್ದರು. ಯಾರೂ ಒಳಗೆ ಹೋಗಲಾಗದ ಜಾಗವನ್ನು ಕೊಡುವುದರಲ್ಲಿ ಅವರದೇನೂ ದೊಡ್ಡಸ್ತಿಕೆಯಿರಲಿಲ್ಲ.

ನಾನು ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವವಳಲ್ಲ. ನೀಲಾ ಇದ್ದರೆ ನನಗೆ ತಲೆನೋವು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ತೊಳೆದ ಪಾತ್ರೆ ಬೋರಲು ಹಾಕುತ್ತಾಳೆ, ನಾನು ಅಂಗಾತ ಇಡುವವಳು. ಹೊಲಿಯುವಾಗ ಗುನುಗುತ್ತಾಳೆ, ಹಾಡು ಯಾವುದೆಂದು ಕೇಳಿದರೆ ಅವಳಿಗೇ ಗೊತ್ತಿರುವುದಿಲ್ಲ. ಸೂಜಿ ಎಲ್ಲೆಂದರಲ್ಲಿ ಚುಚ್ಚಿಡುತ್ತಾಳೆ. ಹೀಗೆ ದಿನಕ್ಕೊಂದು. ಅದಕ್ಕೇ ಅವಳು ತೋಟ ಬಿಡಿಸುತ್ತೇನೆ ಎಂದಾಗ ಮೊದಲು ಹಾರೆ ಹಿಡಿದವಳು ನಾನೇ.

ದಸರಾ ಮುಗಿದ ಮಾರನೆಯ ದಿನ ಶುರು ಮಾಡಿದೆವು. ಮಳೆ ಬಿದ್ದು ನೆಲ ಮೆತ್ತಗಿತ್ತು. ಮಚ್ಚಿನಿಂದ ಕೊಂಬೆ ಸವರಿದರೆ ಪ್ರಯೋಜನವಿಲ್ಲ, ಬೆಳಿಗ್ಗೆ ಕೊಂಬೆ ಮತ್ತೆ ಗಿಡದಲ್ಲೇ ಇರುತ್ತದೆ. ಇಡೀ ಗಿಡವನ್ನೇ ಬುಡ ಸಮೇತ ಎಬ್ಬಿಸಬೇಕು. ಲಂಟಾನದ ಮುಳ್ಳು ಸಣ್ಣದು, ಆದರೆ ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ. ನೀಲಾ ಗೋಣಿಚೀಲ ಕತ್ತರಿಸಿ ಇಬ್ಬರಿಗೂ ಮೊಣಕೈಯವರೆಗಿನ ತೋಳು ಹೊಲಿದಳು. ಅದನ್ನು ತೊಟ್ಟು ಪೊದೆಯ ಕೆಳಗೆ ಹೊಟ್ಟೆಯ ಮೇಲೆ ತೆವಳಿ, ಹಾರೆ ಹಾಕಿ ಮೀಟಬೇಕು. ಅವಳು ಮೀಟುವುದು, ನಾನು ಎಳೆಯುವುದು. ಮಧ್ಯಾಹ್ನ ಊಟವಾದಮೇಲೆ ಗಿಡಗಳನ್ನು ಕೈಗಾಡಿಯಲ್ಲಿ ಹಾಕಿಕೊಂಡು ಮನೆಮನೆಗೆ ಹಂಚಲು ಹೋಗುವುದು ನನ್ನ ಕೆಲಸ. ನೀಲಾ ನಾಚಿಕೆಯವಳು, ನನಗೆ ಆ ತೊಂದರೆಯಿಲ್ಲ.

ತೋಟ ಬಿಚ್ಚಿಕೊಳ್ಳುತ್ತಾ ಹೋದಂತೆ ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತು. ಇನ್ನೊಂದು ಗಿಡ ಕಿತ್ತರೆ ಏನು ಸಿಗುತ್ತದೋ ಎಂಬ ಆಸೆಗೆ ಸೊಂಟನೋವು ಮರೆತುಹೋಗುತ್ತಿತ್ತು. ಮೂರನೆಯ ದಿನ ಬಟ್ಟೆ ಒಗೆಯುವ ಕಲ್ಲು ಸಿಕ್ಕಿತು. ಆಮೇಲೆ ಒಂದು ಹಿತ್ತಾಳೆ ಚೊಂಬು, ಅದರೊಳಗೆ ಕಪ್ಪೆಯ ಸಂಸಾರ. ಒಂದು ಕಡೆ ಇಟ್ಟಿಗೆ ಸುತ್ತಿ ಮಾಡಿದ ಗುಲಾಬಿ ಪಾತಿ, ಗುಲಾಬಿ ಸತ್ತಿದ್ದರೂ ಇಟ್ಟಿಗೆಯ ವೃತ್ತ ಒಂದಿಷ್ಟೂ ಕದಲಿರಲಿಲ್ಲ. ಹನ್ನೆರಡನೆಯ ದಿನದ ಸಂಗತಿ ಮಾತ್ರ ಇಡೀ ಬೀದಿಯನ್ನೇ ಹೊರಗೆ ತಂದಿತು. ನಮ್ಮ ಬೀದಿಗೆ ಸಂಜೆ ಹೊತ್ತು ಒಂದು ಘಮ ಬರುತ್ತಿತ್ತು, ಎಷ್ಟೋ ವರ್ಷದಿಂದ. ಮೂಲೆಯಲ್ಲಿ ಊದಿನಕಡ್ಡಿ ಹೊಸೆಯುವವರ ಮನೆಯಿಂದ ಎಂದು ಎಲ್ಲರೂ ನಂಬಿದ್ದೆವು, ಅವರೂ ಇರಬಹುದು ಎಂದು ಒಪ್ಪಿಕೊಂಡಿದ್ದರು. ನೀಲಾ ಒಂದು ದೊಡ್ಡ ಪೊದೆ ಎಬ್ಬಿಸಿದಳು, ಅದರ ಹಿಂದೆ ಕೆಂಡಸಂಪಿಗೆಯ ಮರ ನಿಂತಿತ್ತು. ನೆತ್ತಿಯವರೆಗೆ ಲಂಟಾನ ಹೊದ್ದುಕೊಂಡು, ಯಾರ ಕಣ್ಣಿಗೂ ಬೀಳದೆ, ಅಷ್ಟೂ ವರ್ಷ ಹೂ ಬಿಡುತ್ತಲೇ ಇತ್ತು.

"ಇಲ್ಲೇ ಬಾಗ್ಲು ಇಡ್ಸೋಣ ಅತ್ತಿಗೆ," ಎಂದಳು ನೀಲಾ. "ಬಾಗ್ಲು ತೆಗುದ್ರೆ ಮರ ಕಾಣ್ಬೇಕು."

"ಇಡ್ಸು. ಮೊದ್ಲು ಕಿತ್ತಿದ್ದು ಎತ್ತಿ ಗಾಡಿಗೆ ಹಾಕು," ಎಂದೆ.

ಮೊದಲ ಒಂದು ತಿಂಗಳು ಕೊಟ್ಟ ಗಿಡ ಒಂದೂ ವಾಪಸು ಬರಲಿಲ್ಲ. ಇನ್ನೂರ ಎಂಬತ್ತು ಗಿಡ! ನನ್ನ ಬಾಯಿಯ ಬಲವೆಂದು ನಾನು ಬೀಗಿದೆ. ಬುಟ್ಟಿ ಹೆಣೆಯುವ ಪುಟ್ಟನಂಜಮ್ಮನೊಬ್ಬಳೇ ನಲವತ್ತು ಇಸಿದುಕೊಂಡಳು. ಅವಳು ಲಂಟಾನದ ಕಡ್ಡಿಯಲ್ಲೇ ಬುಟ್ಟಿ, ಮೊರ, ತೊಟ್ಟಿಲು ಎಲ್ಲ ಹೆಣೆಯುವವಳು, ಗಾಡಿಯ ಸದ್ದು ಕೇಳಿದರೆ ಕೈ ತೊಳೆದುಕೊಂಡು ಬಾಗಿಲಿಗೆ ಬರುತ್ತಿದ್ದಳು. ನನ್ನ ಮೂವತ್ತು ವರ್ಷದ ಗೆಳತಿ ವಿಶಾಲಾಕ್ಷಿ ತನ್ನ ತಾರಸಿಯ ಮೇಲೆ ಹತ್ತು ಇಟ್ಟುಕೊಂಡಳು. "ಬಣ್ಣ ಚೆನ್ನಾಗೈತೆ ಬಿಡೆ, ಒಂದೇ ಗೊಂಚ್ಲಲ್ಲಿ ಹಳದೀನೂ ಗುಲಾಬೀನೂ," ಎಂದಳು.

ಮೂವತ್ತು ಗಿಡ ಉಳಿದಿದ್ದಾಗ ವಾಪಸು ಬರಲು ಶುರುವಾದವು. ಮೊದಲು ಒಂದು, ಮಾರನೆಯ ದಿನ ಎರಡು, ಆಮೇಲೆ ಹೊಸದಾಗಿ ಕೊಟ್ಟದ್ದೆಲ್ಲವೂ. ಮರಿದೇವರು ಮೇಷ್ಟ್ರದ್ದು ವಾಪಸು ಬಂದರೆ ಯಾರೂ ಆಶ್ಚರ್ಯಪಡುವುದಿಲ್ಲ, ಆದರೆ ಬಂದದ್ದು ವಿಶಾಲಾಕ್ಷಿಯದು. ನಾನು ಆ ಗಿಡವನ್ನೇ ಮತ್ತೆ ಕಿತ್ತು ಅವಳ ಮನೆಗೆ ಹೋದೆ. ಬೇಡವಾದರೆ ಬೇಡ ಎನ್ನಬೇಕು, ಮುಖದ ಮುಂದೆ ಹಲ್ಲು ಕಿರಿದು ಒಳಗೊಂದು ಇಟ್ಟುಕೊಳ್ಳಬಾರದು ಎಂದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು, ಕೊನೆಗೆ ಬಾಗಿಲು ಹಾಕಿಕೊಂಡಳು. ಅದೇ ವಾರ ಇನ್ನೂ ಆರು ಮನೆಯವರೊಡನೆ ಜಗಳವಾಡಿದೆ. ಪೇಟೆಯ ಮಧ್ಯೆ ನಿಂತು ಇದು ಕಪಟಿಗಳ ಊರು ಎಂದೂ ಕೂಗಿದೆನಂತೆ. ನನಗೆ ಅಷ್ಟು ನೆನಪಿಲ್ಲ, ಕೇಳಿದವರಿಗೆ ಚೆನ್ನಾಗಿ ನೆನಪಿದೆ.

ಆ ಜಗಳದ ಮಾರನೆಯ ದಿನ ಹಾರೆ ಎತ್ತಲು ಬಗ್ಗಿದವಳಿಗೆ ಸೊಂಟ ಹಿಡಿದುಕೊಂಡಿತು. ಐದು ದಿನ ಮಲಗಿದೆ. ನೀಲಾ ಒಬ್ಬಳೇ ಕಿತ್ತಳು, ಒಬ್ಬಳೇ ಗಾಡಿ ತಳ್ಳಿಕೊಂಡು ಹೋದಳು. ಹೋಗುವಾಗ ಸೆರಗನ್ನು ಮೂರು ಸಲ ಸರಿಮಾಡಿಕೊಂಡದ್ದು ನನಗೆ ಮಲಗಿದಲ್ಲಿಂದಲೇ ಕಾಣುತ್ತಿತ್ತು. ಸಂಜೆ ಬಂದವಳು, ಆರು ಕೊಟ್ಟೆ ಎಂದಳು. ಬೆಳಿಗ್ಗೆ ಆರೂ ಗುಂಡಿಗಳು ಖಾಲಿ. ಮಾರನೆಯ ದಿನವೂ ಹಾಗೇ. ವಿಶಾಲಾಕ್ಷಿ ಎರಡು ತೆಗೆದುಕೊಂಡಳಂತೆ, ಎರಡೂ ಅವಳ ತಾರಸಿಯಲ್ಲೇ ನಿಂತವಂತೆ. ಐದನೆಯ ದಿನ ಮರಿದೇವರು ಮೇಷ್ಟ್ರಿಗೆ ಕೊಟ್ಟದ್ದೂ ನಿಂತಿತು. ಮೇಷ್ಟ್ರು ಜೀವನದಲ್ಲೇ ಮೊದಲ ಸಲ ಒಂದು ಕುಂಡಕ್ಕೆ ನೀರು ಹಾಕುವುದನ್ನು ನೋಡಲು ಮಕ್ಕಳೆಲ್ಲ ಗೇಟಿನ ಬಳಿ ಸೇರಿದ್ದರಂತೆ.

ನನಗೆ ಉರಿದುಹೋಯಿತು. ಅವಳು ಕೊಟ್ಟರೆ ಇಷ್ಟ, ನಾನು ಕೊಟ್ಟರೆ ಕಷ್ಟ, ಹಾಗಾದರೆ ಊರಿಗೆ ನನ್ನನ್ನು ಕಂಡರಾಗುವುದಿಲ್ಲ ಎಂದಾಯಿತು. ಎದ್ದು ಓಡಾಡುವ ಹೊತ್ತಿಗೆ ಒಂದೇ ಒಂದು ಗಿಡ ಉಳಿದಿತ್ತು, ಬಾಗಿಲು ಬರಬೇಕಾದ ಜಾಗದಲ್ಲೇ. ಕಾರ್ತಿಕ ಮುಗಿಯಲು ಎರಡು ದಿನವಿತ್ತು. ಕೊನೆಯದನ್ನು ನಾನೇ ಕೊಡುತ್ತೇನೆ ಎಂದು ಹಟ ಹಿಡಿದೆ. ಯಾರೂ ಬೆರಳು ತೋರಿಸಬಾರದೆಂದು ಪುಟ್ಟನಂಜಮ್ಮನಿಗೇ ಕೊಟ್ಟೆ. ಅವಳು ಎರಡೂ ಕೈ ಚಾಚಿ, ಕಡ್ಡಿ ಬಾಗಿಸಿ ನೋಡಿ, "ಒಳ್ಳೆ ಬಳುಕ್ತದೆ," ಎಂದು ಖುಷಿಯಿಂದ ತೆಗೆದುಕೊಂಡಳು.

ಬೆಳಿಗ್ಗೆ ನೋಡಿದರೆ ಗಿಡ ತನ್ನ ಜಾಗದಲ್ಲಿತ್ತು. ನಾನು ಅದನ್ನು ಕಿತ್ತುಕೊಂಡು ನೇರವಾಗಿ ಪುಟ್ಟನಂಜಮ್ಮನ ಅಂಗಳಕ್ಕೆ ಹೋದೆ. ನೀನೂ ಸುಳ್ಳಿಯೇ ಎಂದೆ. ಅವಳು ಹೆಣೆಯುತ್ತಿದ್ದ ಬುಟ್ಟಿಯನ್ನು ಪಕ್ಕಕ್ಕಿಟ್ಟಳು.

"ದಾಕ್ಷಾಯಣಮ್ಮಾರೆ, ನಾನು ಬುಟ್ಟಿ ಹೆಣೆಯೋಳು. ನಂಗೆ ಲಂಟಾನ ಬ್ಯಾಡ ಅಂದ್ರೆ ಅನ್ನ ಬ್ಯಾಡ ಅಂದಂಗೆ. ನಲವತ್ತು ಇಸ್ಕಂಡಿವ್ನಿ. ಒಂದಾದ್ರೂ ವಾಪಸ್ ಬಂದಿತ್ತಾ?"

"ಇಲ್ಲ."

"ಮತ್ತೆ? ಇಸ್ಕಳೋರ ಮನ್ಸು ಸರಿಯಿಲ್ಲ ಅಂತ ಊರೆಲ್ಲ ಜಗಳ ಆಡ್ಕ ಬಂದ್ರಿ. ಕೊಡೋರ್ಗೂ ಒಂದು ಮನ್ಸು ಅಂತ ಇರಾಕಿಲ್ವಾ?"

ನಮ್ಮೂರಲ್ಲಿ ಅಜ್ಜನ ಕಾಲದಿಂದ ಗಿಡ ವಾಪಸು ಬಂದರೆ ತೆಗೆದುಕೊಂಡವರ ಮುಖ ನೋಡುವುದೇ ರೂಢಿ. ಕೊಟ್ಟವರ ಮುಖ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಕಳೆಯನ್ನು ಕೊಡಲು ಮನಸ್ಸಿಲ್ಲದವರು ಯಾರಿರುತ್ತಾರೆ? ಕೈಯಲ್ಲಿದ್ದ ಗಿಡವನ್ನು ನೋಡಿದೆ. ಇದು ಹೋದರೆ ನೀಲಾ ಹೋಗುತ್ತಾಳೆ. ಇಷ್ಟು ಸಣ್ಣ ವಿಷಯ ನನಗಿಂತ ಮೊದಲು ಗಿಡಕ್ಕೆ ಗೊತ್ತಾಗಿತ್ತು. ಅಂಗಳದಲ್ಲಿ ನಿಂತಲ್ಲೇ ನನಗೆ ನಾಚಿಕೆಯಾಯಿತು, ಅಳುವೂ ಬಂತು.

"ತಪ್ಪಾಯ್ತು ಪುಟ್ಟನಂಜಮ್ಮ. ಈಗ ನೀಲಾನೇ ಬಂದು ಕೊಡ್ತಾಳೆ, ಇಸ್ಕೋ," ಎಂದೆ.

"ಆಗಾಕಿಲ್ಲ ಕಣವ್ವ," ಎಂದಳು ಅವಳು, ಈಗ ಸಿಟ್ಟಿಲ್ಲದೆ. "ಸುಳ್ಳಿ ಅನ್ನುಸ್ಕಂಡ ಮ್ಯಾಲೆ ನನ್ ಕೈ ಮುಂದುಕ್ ಬರಾಕಿಲ್ಲ. ಇಸ್ಕಂಡ್ರೂ ನಾಳಿಕ್ ಏನಾಯ್ತದೋ ಅಂತ ಎದುರ್ಕಂಡೇ ಇಸ್ಕತೀನಿ. ಅದು ಇಸ್ಕಂಡಂಗಲ್ಲ."

ಅವಳ ಮಾತು ನಿಜವಾಗಿತ್ತು. ಅಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀಲಾ ಆ ಒಂದು ಗಿಡ ಹಿಡಿದು ಊರೆಲ್ಲ ತಿರುಗಿದಳು. ಯಾರೂ ಬೈಯಲಿಲ್ಲ. ವಿಶಾಲಾಕ್ಷಿ ನೀರು ಕೊಟ್ಟು, ಇದೊಂದು ಬೇಡಮ್ಮ, ಮತ್ತೆ ವಾಪಸು ಹೋದರೆ ನನ್ನ ಮಾನ ಹೋಗುತ್ತದೆ ಎಂದಳು. ಎಲ್ಲರದೂ ಅದೇ ಭಯ. ತೆಗೆದುಕೊಳ್ಳಿ ಎಂದು ಕೇಳಬಹುದು, ಹೆದರದೆ ತೆಗೆದುಕೊಳ್ಳಿ ಎಂದು ಹೇಗೆ ಕೇಳುವುದು? ಮರಿದೇವರು ಮೇಷ್ಟ್ರು ಮಾತ್ರ ಕೈ ಚಾಚಿದರು. ಚಾಚುವಾಗ ಅವರು ಕಣ್ಣು ಮುಚ್ಚಿಕೊಂಡದ್ದನ್ನು ಕಂಡು ನೀಲಾಳೇ ಬೇಡ ಸಾರ್ ಎಂದು ಬಂದಳು.

ತೋಟದಲ್ಲಿ ನಾವಿಬ್ಬರೂ ಒಗೆಯುವ ಕಲ್ಲಿನ ಮೇಲೆ ಕುಳಿತೆವು. ನಡುವೆ ಗಿಡ. ಸುತ್ತಲೂ ಮುನ್ನೂರು ಗುಂಡಿಗಳ ಬರಿ ನೆಲ. ಮಾರನೆಯ ಬೆಳಿಗ್ಗೆ ಸಣ್ಣಲಿಂಗಯ್ಯ ಬರುವವರಿದ್ದರು. ನಾನು ಪುಟ್ಟನಂಜಮ್ಮ ಹೇಳಿದ್ದನ್ನು ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ.

"ನೀನು ಹೋಗೋದು ನಂಗಿಷ್ಟ ಇಲ್ಲ ಕಣೆ. ನನ್ ಬಾಯಿ ಏನೇ ಅಂದಿರ್ಲಿ. ನಡುಮನೇಲಿ ಮಿಷಿನ್ ಸದ್ದಿಲ್ದೆ ನಾನೇನ್ ಮಾಡ್ಲಿ?"

ನೀಲಾ ಗೋಣಿಯ ತೋಳನ್ನು ಕಳಚಿ ಪಕ್ಕಕ್ಕಿಟ್ಟಳು. "ಒಂಬತ್ತು ವರ್ಷದಲ್ಲಿ ಒಂದಿನ ಹೇಳ್ಬಾರ್ದಿತ್ತಾ ಅತ್ತಿಗೆ?"

"ಈಗ ಹೇಳಿದ್ನಲ್ಲ. ಇರ್ತೀಯಾ?"

"ಇಲ್ಲ," ಎಂದಳು. ಹೇಳಿ ಕಣ್ಣೊರೆಸಿಕೊಂಡಳು. "ನಿಮ್ ಮೇಲೆ ಸಿಟ್ಟಿಗಲ್ಲ. ನಾನು ಬಾಗ್ಲು ಹಾಕ್ಕೊಂಡ್ರೆ ಅದು ನನ್ ಬಾಗ್ಲು ಅನ್ನುಸ್ಬೇಕು. ಹುಟ್ಟಿದ್ಮನೇಲೂ ಇರ್ಲಿಲ್ಲ, ಕೊಟ್ಟಿದ್ಮನೇಲೂ ಇರ್ಲಿಲ್ಲ. ನಂಗೆ ಆಸೆ ಆಗೈತೆ ಅತ್ತಿಗೆ."

ನನಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಆಸೆ ಎಂಬ ಮಾತನ್ನು ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಷ್ಟು ಸ್ಪಷ್ಟವಾಗಿ ಒಂದು ವಸ್ತುವನ್ನು ಬೇಕು ಎಂದವಳಿಗೆ ಯಾವ ಬಾಯಿಂದ ಬೇಡ ಎನ್ನುವುದು?

"ಹಂಗಾರೆ ನಂಗೇ ಕೊಡು," ಎಂದೆ. "ನಾನು ಇಸ್ಕೋತೀನಿ. ನಿನ್ ಗಿಡ ನಂಗೆ ಬೇಕು."

ಅವಳು ತಲೆ ಅಲ್ಲಾಡಿಸಿದಳು. ಒಂದೇ ಒಲೆಯಲ್ಲಿ ಉಣ್ಣುವವರ ನಡುವೆ ಕೊಡುಕೊಳ್ಳುವುದು ನಡೆಯುವುದಿಲ್ಲ, ಅದು ಎಡಗೈಯಿಂದ ಬಲಗೈಗೆ ಕೊಟ್ಟಂತೆ ಎನ್ನುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆಮೇಲೆ ಇಬ್ಬರಿಗೂ ಒಟ್ಟಿಗೇ ತಿಳಿಯಿತು, ಆದರೆ ಬಾಯಿಬಿಟ್ಟು ಹೇಳುವುದು ಇಬ್ಬರಿಗೂ ಬೇಡವಾಗಿತ್ತು. ಕೊನೆಗೆ ನಾನೇ ಎದ್ದೆ. ಗುಲಾಬಿ ಪಾತಿಯಿಂದ ಇಟ್ಟಿಗೆ ಕಿತ್ತು ತಂದು, ಸಂಪಿಗೆ ಮರದಿಂದ ಸ್ವಲ್ಪ ದೂರಕ್ಕೆ ಒಲೆ ಕಟ್ಟಿದೆ. ಮನೆಗೆ ಹೋಗಿ ಒಂದು ಪಾವು ಅಕ್ಕಿ, ಬೇಳೆ, ಉಪ್ಪು, ಎರಡು ಪಾತ್ರೆ, ಒಂದು ಸೌಟು ತಂದೆ. ತಟ್ಟೆ ತರುವಾಗ ಅಭ್ಯಾಸಬಲದಿಂದ ಎರಡು ತೆಗೆದುಕೊಂಡಿದ್ದೆ, ಒಂದನ್ನು ವಾಪಸು ಇಟ್ಟೆ.

ನೀಲಾ ಬೆಂಕಿ ಹೊತ್ತಿಸಿದಳು. ಹೊಗೆ ಏಳುವುದನ್ನು ಕಂಡು ನಮ್ಮ ಯಜಮಾನರು ಹಿಟ್ಟಿನ ಗಿರಣಿಯಿಂದ ಮೈಯೆಲ್ಲ ಬೆಳ್ಳಗೆ ಬಂದು ಬೇಲಿಯಾಚೆ ನಿಂತರು. ತಂಗಿ ಅನ್ನ ಬಸಿಯುವುದನ್ನು ನೋಡಿದರು, ನನ್ನನ್ನು ನೋಡಿದರು.

"ಮನೇಲಿ ಎಷ್ಟು ಜನಕ್ಕೆ ಅಡುಗೆ ಇವತ್ತು?" ಎಂದರು.

"ಇಬ್ರಿಗೆ," ಎಂದೆ.

ನಾನು ಮನೆಗೆ ಹೋಗಿ ಇಬ್ಬರಿಗೆ ಅಡುಗೆ ಮಾಡಿದೆ. ಅಳತೆ ತಪ್ಪಿ ಅನ್ನ ಮಿಕ್ಕಿತು. ಉಂಡು ಕೈ ತೊಳೆದು ತೋಟಕ್ಕೆ ಹೋಗುವಷ್ಟರಲ್ಲಿ ನೀಲಾಳದೂ ಊಟವಾಗಿತ್ತು, ತಟ್ಟೆ ತೊಳೆದು ಒಗೆಯುವ ಕಲ್ಲಿಗೆ ಒರಗಿಸಿದ್ದಳು. ಇನ್ನೂ ಬಿಸಿಲಿತ್ತು. ಅವಳು ಗಿಡವನ್ನು ಎತ್ತಿಕೊಂಡು ನನ್ನ ಮುಂದೆ ನಿಂತಳು, ಮೊದಲ ಸಲ ನೋಡುತ್ತಿರುವವಳ ಹಾಗೆ. ನಾನು ಎರಡೂ ಕೈ ಚಾಚಿದೆ. ಗೋಣಿಯ ತೋಳು ಹಾಕಿಕೊಳ್ಳಲು ಮರೆತಿದ್ದೆ, ಮುಳ್ಳು ಚುಚ್ಚಿತು. ಬಿಡಲಿಲ್ಲ. ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ, ಅಡುಗೆಮನೆ ಕಿಟಕಿಯ ಕೆಳಗೆ ನೆಟ್ಟೆ.

ಬೆಳಿಗ್ಗೆ ಎದ್ದಾಗ ಇನ್ನೂ ಮಸುಕಾಗಿತ್ತು. ಹಿತ್ತಲ ಬಾಗಿಲು ತೆರೆಯಲು ಹೆದರಿಕೆಯಾಯಿತು. ಗಿಡ ಇದ್ದರೆ ನೀಲಾ ಹೋಗುತ್ತಾಳೆ, ಇಲ್ಲದಿದ್ದರೆ ಅವಳ ಮನೆ ಹೋಗುತ್ತದೆ, ಹಾಳು ಮಾಡಿದವಳು ನಾನೇ ಆಗುತ್ತೇನೆ. ಇರಲಿ, ಇರಲಿ ಎಂದು ಬಾಯಲ್ಲಿ ಅನ್ನುತ್ತಿದ್ದೆ. ಮನಸ್ಸಿನೊಳಗೆ ಏನಿದೆಯೆಂದು ಹುಡುಕಿದೆ, ಅಲ್ಲೂ ಅದೇ ಇತ್ತು. ಬಾಗಿಲು ತೆಗೆದೆ. ಕಿಟಕಿಯ ಕೆಳಗೆ ಗಿಡ ನಿಂತಿತ್ತು. ಹಾಳಾದ್ದು, ಒಂದು ಹೂವನ್ನೂ ಬಿಟ್ಟಿತ್ತು.

ತೋಟಕ್ಕೆ ಓಡಿದೆ. ಸಣ್ಣಲಿಂಗಯ್ಯ ಆಗಲೇ ಬಂದು, ಕೊಡೆಯ ತುದಿಯಿಂದ ಒಂದೊಂದೇ ಗುಂಡಿಯನ್ನು ಮುಟ್ಟಿ ನೋಡುತ್ತಾ ಬಾಗಿಲ ಜಾಗಕ್ಕೆ ಬಂದಿದ್ದರು. ನೀಲಾ ಒಲೆಯ ಪಕ್ಕದಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದಳು. ಅವರು ಖಾಲಿ ಗುಂಡಿಯನ್ನು ನೋಡಿ ತಲೆದೂಗಿ ಚೀಟಿ ತೆಗೆದರು.

"ಕೊನೇದು ಯಾರ್ ಇಸ್ಕೊಂಡ್ರಮ್ಮ? ಬರ್ಕೋಬೇಕು."

ನೀಲಾ ನನ್ನ ಕಡೆ ನೋಡಿದಳು. ಅತ್ತಿಗೆ ಎಂದರೆ ಒಂದೇ ಮನೆಯವರೆಂದಾಗುತ್ತದೆ, ಚೀಟಿ ನಿಲ್ಲುವುದಿಲ್ಲ. ಅವಳಿಗೂ ಅದು ಗೊತ್ತಿತ್ತು.

"ಪಕ್ಕದ್ಮನೆಯೋರು," ಎಂದಳು.

ಸಣ್ಣಲಿಂಗಯ್ಯ ಹೌದೇ ಎನ್ನುವಂತೆ ನನ್ನತ್ತ ತಿರುಗಿದರು.

"ಹೂಂ," ಎಂದೆ. "ಪಕ್ಕದ್ಮನೆಯೋರೇ."